ಪ್ರಶ್ನೋತ್ತರ: ಎಡಬ್ಲ್ಯೂಎಸ್‌ನ ಒಳಗಿನ ಓಯುಗಳು ಪಟ್ಟಿಗೆ ಯಾಕೆ ಬರುತ್ತಿಲ್ಲ?

ಪ್ರಶ್ನೆ (ಹಾಸನದಿಂದ):
ಗ್ರೂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ನಮ್ಮ ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್) ಆರ್ಗನೈಸೇಷನ್‌ನಲ್ಲಿ, ಅಂದರೆ ಕಂಪನಿಯ ಎಲ್ಲ ಅಕೌಂಟ್‌ಗಳನ್ನು ಒಟ್ಟಿಗೆ ಇಟ್ಟಿರುವ ಕಡೆ, ಎಷ್ಟು ಓಯು (ಆರ್ಗನೈಸೇಷನಲ್ ಯೂನಿಟ್, ಅಂದರೆ ಅಕೌಂಟ್‌ಗಳ ಗುಂಪು) ಇವೆ, ಯಾವುದರ ಕೆಳಗೆ ಯಾವ ಅಕೌಂಟ್ ಇದೆ ಅಂತ ಎಕ್ಸೆಲ್ ಮಾಡಿಕೊಡಿ ಎಂದು ಮ್ಯಾನೇಜರ್ ಹೇಳಿದ್ದಾರೆ. ಪೈಥಾನ್‌ನಲ್ಲಿ ಬೋಟೋ3 (ಎಡಬ್ಲ್ಯೂಎಸ್ ಜೊತೆ ಮಾತಾಡುವ ಲೈಬ್ರರಿ) ಹಾಕಿ, ರೂಟ್ (ಎಲ್ಲಕ್ಕೂ ಮೇಲಿನ ಹಂತ) ಐಡಿ ಕೊಟ್ಟು ‘ಲಿಸ್ಟ್ ಆರ್ಗನೈಸೇಷನಲ್ ಯೂನಿಟ್ಸ್ ಫಾರ್ ಪೇರೆಂಟ್’ ಕರೆದೆ. ಆರೇ ಹೆಸರು ಬಂದವು. ಕನ್ಸೋಲ್‌ನಲ್ಲಿ ನೋಡಿದರೆ ‘ಪ್ರೊಡಕ್ಷನ್’ ಒಳಗೆ ಇನ್ನೂ ಎಷ್ಟೋ ಇವೆ. ಎರರ್ ಏನೂ ಇಲ್ಲ. ಪರ್ಮಿಷನ್ ಸಮಸ್ಯೆಯಾ ಸರ್?

ಅರಸೀಕೆರೆಯಿಂದ ಒಬ್ಬರು:
ರೀಜನ್ (ಡೇಟಾ ಸೆಂಟರ್ ಇರುವ ಪ್ರದೇಶ) ಮುಂಬೈ ಅಂತ ಇದೆಯಾ ನೋಡಿ. ನನಗೆ ಹಿಂದೆ ಇಸಿ2 (ಬಾಡಿಗೆ ಸರ್ವರ್) ಪಟ್ಟಿ ಹೀಗೇ ಖಾಲಿ ಬರುತ್ತಿತ್ತು.

ಉತ್ತರ (ಚಿಕ್ಕಮಗಳೂರಿನಿಂದ, ಕ್ಲೌಡ್ ಆರ್ಕಿಟೆಕ್ಟ್):
ಇಲ್ಲಿ ರೀಜನ್ ಲೆಕ್ಕಕ್ಕೆ ಬರುವುದಿಲ್ಲ. ಇಸಿ2 ಒಂದೊಂದು ರೀಜನ್‌ಗೆ ಬೇರೆ, ಆರ್ಗನೈಸೇಷನ್ಸ್ ಗ್ಲೋಬಲ್ ಸರ್ವಿಸ್. ಮುಂಬೈ ಕೊಟ್ಟರೂ ಹೈದರಾಬಾದ್ ಕೊಟ್ಟರೂ ಉತ್ತರ ಒಂದೇ. ಪರ್ಮಿಷನ್ ಕೂಡ ಅಲ್ಲ. ಅದು ಇಲ್ಲದಿದ್ದರೆ ಆ ಆರು ಹೆಸರೂ ಬರುತ್ತಿರಲಿಲ್ಲ, ‘ಆಕ್ಸೆಸ್ ಡಿನೈಡ್’ ಅಂತ ಬಂದು ನಿಲ್ಲುತ್ತಿತ್ತು. ನೀವು ಮ್ಯಾನೇಜ್‌ಮೆಂಟ್ ಅಕೌಂಟ್‌ನಿಂದಲೋ (ಆರ್ಗನೈಸೇಷನ್‌ನ ಮುಖ್ಯ ಅಕೌಂಟ್) ಡೆಲಿಗೇಟೆಡ್ ಅಡ್ಮಿನ್ ಅಕೌಂಟ್‌ನಿಂದಲೋ (ಅದು ಅಧಿಕಾರ ವಹಿಸಿಕೊಟ್ಟ ಅಕೌಂಟ್) ಕರೆಯುತ್ತಿದ್ದೀರಿ ಅಂತಾಯಿತು.

ಆ ಕಾಲ್ ಕೊಡುವುದು ನೇರ ಕೆಳಗಿನ ಒಂದು ಹಂತ ಮಾತ್ರ. ಹಾಸನ ಜಿಲ್ಲೆ ಅಂತ ಕೇಳಿದರೆ 8 ತಾಲ್ಲೂಕು ಬರುತ್ತವೆ. ಹಳೇಬೀಡು ಹೋಬಳಿ ಬೇಕಾದರೆ ಬೇಲೂರನ್ನು ಕೇಳಬೇಕು, ಅಲ್ವಾ? ಇಡೀ ಮರವನ್ನು ಒಂದೇ ಏಟಿಗೆ ಕೊಡುವ ಕಾಲ್ ಆರ್ಗನೈಸೇಷನ್ಸ್‌ನಲ್ಲಿ ಇಲ್ಲ. ನಾವೇ ಇಳಿಯುತ್ತಾ ಹೋಗಬೇಕು. ಹೀಗೆ:

ಇಳಿ(ಐಡಿ, ದಾರಿ):
– ಈ ಐಡಿ ಕೆಳಗಿನ ಅಕೌಂಟ್‌ಗಳ ಎಲ್ಲ ಪೇಜ್ ಓದು, ದಾರಿಯ ಜೊತೆ ಬರೆ
– ಈ ಐಡಿ ಕೆಳಗಿನ ಓಯುಗಳ ಎಲ್ಲ ಪೇಜ್ ಓದು
– ಸಿಕ್ಕ ಪ್ರತಿ ಓಯುವನ್ನು ಬರೆ, ಆಮೇಲೆ ಇಳಿ(ಓಯು ಐಡಿ, ದಾರಿ + "/" + ಓಯು ಹೆಸರು)

ಶುರು ಮಾಡುವಾಗ ‘ಲಿಸ್ಟ್ ರೂಟ್ಸ್’ ಕರೆದು ಬಂದ ಐಡಿಯನ್ನು ಇದಕ್ಕೆ ಕೊಡಿ. ರೂಟ್ ಕೆಳಗೆ ಓಯು 5 ಹಂತಕ್ಕಿಂತ ಆಳ ಹೋಗುವ ಹಾಗಿಲ್ಲ, ಹಾಗಾಗಿ ರಿಕರ್ಷನ್ (‘ಇಳಿ’ ತನ್ನನ್ನೇ ಮತ್ತೆ ಕರೆಯುವುದು) ಎಲ್ಲಿಗೋ ಹೋಗಿಬಿಡುತ್ತದೆ ಅನ್ನುವ ಭಯ ಬೇಡ. ಓಯುವನ್ನೂ ಒಂದು ಸಾಲಾಗಿ ಬರೆಯಲೇಬೇಕು. ಇಲ್ಲದಿದ್ದರೆ ಒಂದೂ ಅಕೌಂಟ್ ಇಲ್ಲದ ಓಯು ಪಟ್ಟಿಯಿಂದ ಮಾಯ.

‘ಎಲ್ಲ ಪೇಜ್’ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಒಂದು ಸಲಕ್ಕೆ ಹೆಚ್ಚೆಂದರೆ 20 ಬರುತ್ತವೆ. ಮುಂದಿನದಕ್ಕೆ ಉತ್ತರದ ಜೊತೆ ಬಂದ ‘ನೆಕ್ಸ್ಟ್ ಟೋಕನ್’ (ಮುಂದಿನ ಪೇಜಿನ ಗುರುತು) ಕೊಡಬೇಕು. ಕೆಲವೊಮ್ಮೆ ಪೇಜ್ ಖಾಲಿ ಇರುತ್ತದೆ, ಆದರೆ ಟೋಕನ್ ಇರುತ್ತದೆ! ಖಾಲಿ ಬಂತು, ಮುಗಿಯಿತು ಅಂತ ಲೂಪ್ ನಿಲ್ಲಿಸಿದರೆ ಉಳಿದದ್ದು ಹೋಯಿತು. ಟೋಕನ್ ಇಲ್ಲ ಅಂದಾಗಲೇ ಮುಗಿದಂತೆ. ಇದನ್ನು ಕೈಯಲ್ಲಿ ಬರೆಯುವ ಉಸಾಬರಿ ಬೇಡ, ಬೋಟೋ3ಯ ಪೇಜಿನೇಟರ್ ಬಳಸಿ. ಅದು ಸರಿಯಾಗಿ ನೋಡಿಕೊಳ್ಳುತ್ತದೆ.

‘ಲಿಸ್ಟ್ ಚಿಲ್ಡ್ರನ್’ ಅಂತ ಇನ್ನೊಂದಿದೆ. ನಾನು ಬಳಸುವುದಿಲ್ಲ. ಅದು ಬರೀ ಐಡಿ ಕೊಡುತ್ತದೆ, ಹೆಸರಿಗೆ ಮತ್ತೆ ಒಂದೊಂದಕ್ಕೂ ಕಾಲ್ ಹಾಕಬೇಕು. ಸುಮ್ನೆ ‘ಟೂ ಮೆನಿ ರಿಕ್ವೆಸ್ಟ್ಸ್’ (ಕಾಲ್ ಅತಿಯಾಯಿತು) ಎರರ್ ಕರೆದುಕೊಂಡಂತೆ. ಐಡಿ ನೋಡಿ ಪೇರೆಂಟ್ ಊಹಿಸಲೂ ಹೋಗಬೇಡಿ. ಓಯು ಐಡಿಯ ನಡುವಿನ ಭಾಗ ರೂಟ್‌ನದು, ಪೇರೆಂಟ್‌ನದಲ್ಲ.

ಪ್ರಶ್ನೆ ಕೇಳಿದವರು:
ಈಗ ಓಯು ಎಲ್ಲ ಬಂದವು ಸರ್, ತುಂಬಾ ಥ್ಯಾಂಕ್ಸ್. ಆದರೆ ‘ಲಿಸ್ಟ್ ಅಕೌಂಟ್ಸ್’ ಜೊತೆ ತಾಳೆ ನೋಡಿದರೆ ಅಲ್ಲಿ ಎರಡು ಅಕೌಂಟ್ ಜಾಸ್ತಿ ಇವೆ. ನಾನು ರೂಟ್ ಬದಲು ಮೊದಲು ಸಿಕ್ಕಿದ್ದ ಆರು ಓಯುಗಳಿಂದಲೇ ಶುರು ಮಾಡಿದ್ದೆ.

ಉತ್ತರ:
ಕಾರಣ ನೀವೇ ಬರೆದಿದ್ದೀರಿ. ಯಾವ ಓಯುಗೂ ಸೇರದೆ ನೇರವಾಗಿ ರೂಟ್ ಕೆಳಗೇ ಇರುವ ಅಕೌಂಟ್‌ಗಳು ಬಿಟ್ಟುಹೋಗಿವೆ. ಮ್ಯಾನೇಜ್‌ಮೆಂಟ್ ಅಕೌಂಟ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ರೂಟ್‌ನಿಂದ ಶುರು ಮಾಡಿ. ತಾಳೆ ನೋಡಿದ್ದು ಮಾತ್ರ ಒಳ್ಳೆಯ ಕೆಲಸ, ಬಹಳ ಜನ ನೋಡುವುದಿಲ್ಲ. ಇನ್ನೊಂದು, ಮುಚ್ಚಿದ ಅಕೌಂಟ್ ಕೂಡ 90 ದಿನ ಪಟ್ಟಿಯಲ್ಲಿ ಇರುತ್ತದೆ. ಅದಕ್ಕೆ ಸ್ಥಿತಿಯ ಕಾಲಂ ಬೇರೆಯಾಗಿ ಇಡಿ.

ಸಕಲೇಶಪುರದಿಂದ ಒಬ್ಬರು:
ಅಜೂರ್‌ನಲ್ಲೂ (ಮೈಕ್ರೋಸಾಫ್ಟ್‌ನ ಕ್ಲೌಡ್) ಹೀಗೇ ಇಳಿಯಬೇಕಾ ಸರ್?

ಉತ್ತರ:
ಅಲ್ಲಿ ಸುಲಭ. ಮ್ಯಾನೇಜ್‌ಮೆಂಟ್ ಗ್ರೂಪ್ (ಇಲ್ಲಿನ ಓಯು ಥರದ್ದು) ತೋರಿಸುವ ಕಮಾಂಡ್‌ಗೆ ‘ಎಕ್ಸ್‌ಪ್ಯಾಂಡ್’, ‘ರಿಕರ್ಸ್’ ಎರಡನ್ನೂ ಸೇರಿಸಿ. ಕೆಳಗಿನ ಗುಂಪುಗಳು, ಸಬ್‌ಸ್ಕ್ರಿಪ್ಷನ್‌ಗಳು ಒಟ್ಟಿಗೇ ಬರುತ್ತವೆ.

ಪ್ರಶ್ನೆ ಕೇಳಿದವರು:
ಲೆಕ್ಕ ಸರಿಹೋಯಿತು ಸರ್! ಎಕ್ಸೆಲ್‌ನಲ್ಲಿ ಮಾತ್ರ ಒಂದು ಅಕೌಂಟ್ ನಂಬರ್ 11 ಅಂಕಿ ತೋರಿಸುತ್ತಿದೆ.

ಉತ್ತರ:
ಅಕೌಂಟ್ ಐಡಿ ಯಾವತ್ತೂ 12 ಅಂಕಿ. ಆ ನಂಬರ್ ಸೊನ್ನೆಯಿಂದ ಶುರುವಾಗಿರಬೇಕು, ಎಕ್ಸೆಲ್ ಸೊನ್ನೆಯನ್ನು ನುಂಗಿದೆ. ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಆ ಕಾಲಂಗೆ ‘ಟೆಕ್ಸ್ಟ್’ ಅಂತ ಕೊಡಿ. ಆಮೇಲೆ ಮ್ಯಾನೇಜರ್‌ಗೆ ಕಳಿಸಿ.