ಅಪ್‌ಡೇಟ್: ಮೆಟ್ಟಿಲಿನ ಫೈರ್ ಡೋರ್ ಪೂರ್ತಿ ಮುಚ್ಚದ ಸಮಸ್ಯೆ

ಅಪಾರ್ಟ್‌ಮೆಂಟಿನ ಸುರಕ್ಷತಾ ತಪಾಸಣೆಯಲ್ಲಿ ಮೆಟ್ಟಿಲ ಬಳಿಯ ಫೈರ್ ಡೋರ್‌ಗಳು ಚೌಕಟ್ಟಿನವರೆಗೆ ಬಂದು ಲಾಕ್ ಆಗದೆ ನಿಲ್ಲುತ್ತಿವೆ, ಕ್ಲೋಸರ್ (ಬಾಗಿಲನ್ನು ತಾನಾಗಿ ಮುಚ್ಚಿಸುವ ಸಾಧನ) ಬದಲಿಸಬೇಕೇ ಎಂದು ಕೇಳಿದ್ದೆ. ಹೆಚ್ಚಿನ ಬಾಗಿಲುಗಳಿಗೆ ಬೇಕಾಗಲಿಲ್ಲ.

ಕ್ಲೋಸರ್‌ನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ: ಒಂದು ಮುಚ್ಚುವ ವೇಗಕ್ಕೆ, ಇನ್ನೊಂದು ಮುಚ್ಚುವಾಗಿನ ಕೊನೆಯ ಸುಮಾರು 15 ಡಿಗ್ರಿಯ ವೇಗಕ್ಕೆ. ಎರಡನೆಯದನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿದರೆ ಸಾಕಾಯಿತು. ಪೂರ್ತಿ ಬಿಚ್ಚಿದರೆ ಎಣ್ಣೆ ಸೋರುತ್ತದೆ, ಸೋರಿದ್ದನ್ನು ಬದಲಿಸಲೇಬೇಕು. ಉಳಿದ ಕಡೆ ಕಾರಣ ಬೇರೆ: ಜೋತುಬಿದ್ದ ಹಿಂಜ್, ಬಾಗಿಲಂಚಿನಲ್ಲಿ ಪೇಂಟ್ ಮೆತ್ತಿದ ಹೊಗೆತಡೆ ಬ್ರಷ್. ಪೇಂಟ್ ಹಚ್ಚಿದ ಬ್ರಷ್ ಕಸಕ್ಕೇ ಸರಿ.

ಬಾಗಿಲನ್ನು ಒಂದು ಗೇಣಿನಷ್ಟೇ ತೆರೆದು ಬಿಟ್ಟು ನೋಡಿ. ಪೂರ್ತಿ ತೆರೆದು ಬಿಟ್ಟರೆ ವೇಗದಲ್ಲೇ ಮುಚ್ಚಿಕೊಂಡು ದೋಷ ಅಡಗಿಹೋಗುತ್ತದೆ.

ಕ್ಲೋಸರ್‌ನ ಸ್ಪ್ರಿಂಗ್ ಬಿಗಿ ಮಾಡುವ ಸುಲಭದ ದಾರಿ ಹಿಡಿಯಬೇಡಿ. ಹೊಗೆ ನುಗ್ಗದಂತೆ ಮೆಟ್ಟಿಲಿಗೆ ಗಾಳಿ ತುಂಬುವ ಫ್ಯಾನ್ ಇದ್ದರೆ, 50 ಪ್ಯಾಸ್ಕಲ್ ಒತ್ತಡ 2 ಚದರ ಮೀಟರ್ ಬಾಗಿಲಿನ ಮೇಲೆ 100 ನ್ಯೂಟನ್ ಬಲ ಹಾಕುತ್ತದೆ. ಹಿಡಿಕೆಯ ಬಳಿ ಅದರ ಅರ್ಧಕ್ಕಿಂತ ತುಸು ಹೆಚ್ಚು, ಮೇಲೆ ಸ್ಪ್ರಿಂಗ್‌ನ ಬಲ. ಮೆಟ್ಟಿಲ ಕಡೆಗೆ ತೆರೆಯುವ ಬಾಗಿಲನ್ನು ವಯಸ್ಸಾದವರು ತಳ್ಳಲಾರರು. ಫ್ಯಾನ್ ಓಡುತ್ತಿರುವಾಗಲೇ ಫೋರ್ಸ್ ಗೇಜ್ ಹಿಡಿದು ಅಳೆಯಿರಿ.

ಬಾಗಿಲಿಗೆ ಇಟ್ಟಿಗೆ ಅಡ್ಡವಿಡುವ ಅಭ್ಯಾಸ ಮಾತ್ರ ಇನ್ನೂ ನಿಂತಿಲ್ಲ. ಅಲಾರಂ ಬಂದಾಗ ತಾನೇ ಬಿಡುವ ಮ್ಯಾಗ್ನೆಟ್ ಹೋಲ್ಡರ್ ಹಾಕಿಸುವ ಮಾತು ನಡೆದಿದೆ.