ನೋಟು ನೋಡುವ ಯುವಿ ದೀಪದಲ್ಲಿ 2764 ಚಿಪ್ ಅಳಿಸುತ್ತಿಲ್ಲ, ಏನು ಮಾಡಲಿ?

ಲ್ಯಾಬ್_8085
ನಮಸ್ಕಾರ. ಒಂದು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಮೈಕ್ರೊಪ್ರೊಸೆಸರ್ ಕಲಿಸುವ, ಒಂದೇ ಮಾದರಿಯ ಆರು ಹಳೇ 8085 ಕಿಟ್‌ಗಳಿವೆ. ಎರಡರಲ್ಲಿ ಡಿಸ್‌ಪ್ಲೇ ಬರುತ್ತಿಲ್ಲ. ಅವೆರಡೂ ಬಿಸಿಲು ಬೀಳುವ ಕಿಟಕಿ ಪಕ್ಕ ಇದ್ದವು, ಮಾನಿಟರ್ ಚಿಪ್ (ಕಿಟ್ ನಡೆಸುವ ಪ್ರೋಗ್ರಾಂ ಇರುವ, ಯುವಿ ಬೆಳಕಿನಿಂದ ಅಳಿಸುವ ಮೆಮೊರಿ ಚಿಪ್) ಕಿಟಕಿಯ ಮೇಲಿನ ಸ್ಟಿಕ್ಕರ್ ಉದುರಿಹೋಗಿದೆ. ಚೆನ್ನಾಗಿರುವ ಕಿಟ್‌ನ ಚಿಪ್ ಓದಿ, ಇವನ್ನು ಅಳಿಸಿ ಮತ್ತೆ ಬರೆಯೋಣ ಅಂದುಕೊಂಡೆ. ಖೋಟಾ ನೋಟು ನೋಡುವ ಯುವಿ ದೀಪದ ಕೆಳಗೆ ಎರಡು ದಿನ ಇಟ್ಟೆ. ಬ್ಲ್ಯಾಂಕ್ ಚೆಕ್ (ಚಿಪ್ ಖಾಲಿಯಾಗಿದೆಯಾ ಅನ್ನುವ ಪರೀಕ್ಷೆ) ಫೇಲ್. ಇನ್ನೊಂದು ಭಯ ಇದೆ. ಚಿಪ್ ಮೇಲೆ 2764ಎ ಅಂತಿದೆ. ಚಿಪ್ ಬರೆಯುವ ಸಾಫ್ಟ್‌ವೇರ್‌ನಲ್ಲಿ 2764, 2764ಎ ಎರಡೂ ಇವೆ. ಯಾವುದಾದರೂ ನಡೆಯುತ್ತಾ? ಮುಂದಿನ ವಾರ ಪ್ರಾಕ್ಟಿಕಲ್. ಒಂದು ಕಿಟ್ ಸುತ್ತ ಐದು ಜನ ನಿಂತರೆ ಕೀ ಒತ್ತುವುದು ಒಬ್ಬನೇ, ಉಳಿದವರು ಸುಮ್ನೆ ನೋಡುತ್ತಾರೆ.

ಹಳೇ_ಟ್ಯೂಬು
ಆ ದೀಪ 365 ನ್ಯಾನೊಮೀಟರಿನದು. ತಿಂಗಳು ಇಟ್ಟರೂ ಆಗಲ್ಲ ಸರ್. ಈ ಚಿಪ್‌ಗೆ ಬೇಕಾದದ್ದು 253.7. ನೀರಿನ ಫಿಲ್ಟರ್‌ನ ಯುವಿ ಟ್ಯೂಬ್ ಇದೆಯಲ್ಲ, ಅದರಲ್ಲಿ ಬರುವುದು ಇದೇ ಬೆಳಕು. ಅದರದೇ ಚೋಕ್ ಜೊತೆ ತನ್ನಿ. ಚಿಪ್‌ನಿಂದ 2.5 ಸೆಂ.ಮೀ. ದೂರ, 15–20 ನಿಮಿಷ. ಮಧ್ಯೆ ಮಾಮೂಲಿ ಗಾಜು ಬರಬಾರದು, ಅದು ಈ ಬೆಳಕನ್ನು ತಡೆಯುತ್ತದೆ. ಚಿಪ್‌ನ ಕಿಟಕಿಯನ್ನು ಕ್ವಾರ್ಟ್ಜ್‌ನಲ್ಲಿ ಮಾಡಿರುವುದು ಅದಕ್ಕೇ. ಸ್ಟಿಕ್ಕರಿನ ಗೋಂದನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಪೂರ್ತಿ ಒರೆಸಿ.

ಟ್ಯೂಬನ್ನು ಬರಿಗಣ್ಣಲ್ಲಿ ನೋಡಲೇಬೇಡಿ. ನಾನು ಒಮ್ಮೆ ಡಬ್ಬದ ಮುಚ್ಚಳ ಎತ್ತಿ ಚಿಪ್ ಸರಿಮಾಡುತ್ತಾ ಕೂತೆ. ಆಗ ಏನೂ ಅನಿಸಲಿಲ್ಲ. ರಾತ್ರಿ ಕಣ್ಣಿಗೆ ಮರಳು ಎರಚಿದ ಹಾಗೆ ಉರಿ, ಬೆಳಗಿನವರೆಗೂ ನಿದ್ದೆ ಇಲ್ಲ. ಮುಚ್ಚಳ ತೆಗೆದರೆ ಟ್ಯೂಬ್ ಆರುವಂತೆ ಒಂದು ಸ್ವಿಚ್ ಕೂರಿಸಿ. ಹುಡುಗರು ಓಡಾಡುವ ಜಾಗ ಅಲ್ವಾ.

ಪಿನ್_ಒಂದು
ಎರಡನೇ ಪ್ರಶ್ನೆಗೆ: ದಯವಿಟ್ಟು 2764ಎ ಅನ್ನೇ ಆರಿಸಿ. ಎ ಇಲ್ಲದ ಇಂಟೆಲ್ ಚಿಪ್‌ಗೆ ಬರೆಯುವಾಗ 21 ವೋಲ್ಟ್ ಬೇಕು. ಎ ಇರುವುದಕ್ಕೆ 12.5. ತಪ್ಪಾಗಿ 21 ಕೊಟ್ಟರೆ ಚಿಪ್ ಹೋಯಿತು ಅಂತಲೇ ಲೆಕ್ಕ. ಬೇರೆ ಕಂಪನಿಯದಾದರೆ ಅದರ ಡೇಟಾಶೀಟ್ (ಕಂಪನಿ ಕೊಡುವ ವಿವರದ ಹಾಳೆ) ನೋಡಿ.

ಮೊದಲು ಒಳ್ಳೆಯ ಚಿಪ್ ಓದಿ. ಅದರ ಸ್ಟಿಕ್ಕರ್ ಕೀಳಬೇಡಿ. ಎರಡು ಸಲ ಓದಿ, ಎರಡು ಸಲವೂ ಚೆಕ್‌ಸಮ್ (ಓದಿದ ಬೈಟ್‌ಗಳಿಂದ ಲೆಕ್ಕ ಹಾಕಿದ ಸಂಖ್ಯೆ) ಒಂದೇ ಬರಬೇಕು. ಫೈಲ್ 8192 ಬೈಟ್ ಇರುತ್ತದೆ. ಬೇರೆ ಬಂದರೆ ಪಿನ್ ಸರಿಯಾಗಿ ಕೂತಿಲ್ಲ. ಹಳೇ ಚಿಪ್‌ಗಳ ಕಾಲು ಕಪ್ಪಾಗಿರುತ್ತವೆ, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಚಿಪ್‌ನ ಕಚ್ಚು ಯಾವ ಕಡೆ ಅಂತ ಸಾಫ್ಟ್‌ವೇರ್ ತೋರಿಸುವ ಚಿತ್ರ ನೋಡಿಕೊಂಡೇ ಸಾಕೆಟ್ ಲಿವರ್ ಒತ್ತಿ. ಮುಟ್ಟುವ ಮೊದಲು ಅರ್ತ್ ಆಗಿರುವ ಲೋಹ ಮುಟ್ಟಿ. ಥರ್ಮಾಕೋಲಿಗೆ ಮಾತ್ರ ಚುಚ್ಚಿಡಬೇಡಿ, ಸ್ಟ್ಯಾಟಿಕ್ ಜಾಸ್ತಿ.

ಲ್ಯಾಬ್_8085
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫಿಲ್ಟರ್ ಟ್ಯೂಬ್ ಸಿಕ್ಕಿತು, ತಗಡಿನ ಡಬ್ಬಕ್ಕೆ ಸ್ವಿಚ್ ಹಾಕಿದೆ. 20 ನಿಮಿಷಕ್ಕೆ ಮೊದಲನೆಯದರಲ್ಲಿ ಇನ್ನೂ ಕೆಲವು ಬೈಟ್ ಉಳಿದಿದ್ದವು. ನೋಡಿದರೆ ಕಿಟಕಿಯ ಒಂದು ಮೂಲೆಯಲ್ಲಿ ಗೋಂದಿನ ಪೊರೆ. ಒರೆಸಿ ಇನ್ನು 10 ನಿಮಿಷ ಇಟ್ಟೆ, ಎಲ್ಲ ಕಡೆ ಎಫ್‌ಎಫ್, ಅಂದರೆ ಖಾಲಿ. 2764ಎ ಆರಿಸಿ ಬರೆದೆ, ವೆರಿಫೈ ಆಯಿತು. ಕಿಟ್‌ಗೆ ಹಾಕಿ ರೀಸೆಟ್ ಒತ್ತಿದಾಗ ಕೆಂಪು ಅಕ್ಷರ ಬಂತು, ಅಲ್ಲೇ ನಿಂತಿದ್ದ ಹುಡುಗ ಚಪ್ಪಾಳೆ ಹೊಡೆದ!

ಎರಡನೆಯದು ಹಟ ಮಾಡುತ್ತಿದೆ. 0143ನೇ ವಿಳಾಸದಲ್ಲಿ ಒಂದು ಬಿಟ್ ಅಳಿಯದೆ ಸೊನ್ನೆಯಲ್ಲೇ ನಿಂತಿದೆ, 40 ನಿಮಿಷ ಇಟ್ಟರೂ ಬದಲಾಗಿಲ್ಲ. ಶನಿವಾರ ಬೆಂಗಳೂರಿಗೆ ಹೋಗುವುದಿದೆ, ಅಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಲ್ಲಿ ಬೇರೆ ಚಿಪ್ ಹುಡುಕುತ್ತೇನೆ. ಉಳಿದ ಐದಕ್ಕೂ ಇವತ್ತೇ ಕಪ್ಪು ಟೇಪ್ ಅಂಟಿಸಿದೆ.