ಹಳೆಯ ಟ್ರೈಲರ್: ಮೆತ್ತಗಾದ ಮೂಲೆ, ಲಿಥಿಯಂ, ಸೋಲಾರ್, ಮೇಜು – ಮೊದಲು ಯಾವುದಕ್ಕೆ ಕೈ ಹಾಕಲಿ?

ಗಾಡಿಬಿಡಾರ:

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಹಳೆಯ ಟ್ರಾವೆಲ್ ಟ್ರೈಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ), ಉದ್ದ ಸುಮಾರು 6.5 ಮೀಟರ್, ಎರಡು ಆಕ್ಸಲ್. ಚಾವಣಿಗೆ ಇಪಿಡಿಎಂ ರಬ್ಬರ್ ಹಾಳೆ, ಹೊರಗೋಡೆಗೆ ಅಲ್ಯುಮಿನಿಯಂ ತಗಡು, ಒಳಗೆ ಮರದ ಚೌಕಟ್ಟು. ತುಂಬಿದಾಗ ತೂಕ 2,400 ಕೆ.ಜಿ. ಆಸುಪಾಸು.

ಮನಸ್ಸಿನಲ್ಲಿರುವ ಕೆಲಸಗಳು: ಹಿಂಬದಿಯ ಬಂಕ್ ಮಂಚ ತೆಗೆದು ಕೆಲಸದ ಮೇಜು ಮತ್ತು ಕಪಾಟು ಕೂರಿಸುವುದು, ಮುಂದಿನ ಕೊಂಡಿಯ ಮೇಲಿರುವ ಎರಡು ಲೆಡ್-ಆಸಿಡ್ ಬ್ಯಾಟರಿಗಳ ಬದಲು 100 ಆಂಪ್-ಅವರ್‌ನ ಒಂದು ಲಿಥಿಯಂ ಬ್ಯಾಟರಿ, ಮೇಲೆ 200 ವ್ಯಾಟ್‌ನ ಎರಡು ಸೋಲಾರ್ ಪ್ಯಾನೆಲ್, ಜೊತೆಗೆ 2,000 ವ್ಯಾಟ್ ಇನ್ವರ್ಟರ್. ಮುಂದಿನ ಎಡಮೂಲೆಯಲ್ಲಿ ನೆಲ ಸ್ವಲ್ಪ ಮೆತ್ತಗಿದೆ, ಕಾಲಿಟ್ಟರೆ ಕುಗ್ಗುತ್ತದೆ. ಟೈರ್‌ಗಳ ಗುಂಡಿ (ಟ್ರೆಡ್) ಚೆನ್ನಾಗಿಯೇ ಇದೆ. ಬೇರಿಂಗ್ ಯಾವಾಗ ಬಿಚ್ಚಿದ್ದರೋ ಗೊತ್ತಿಲ್ಲ. ಯಾವ ಕ್ರಮದಲ್ಲಿ ಹೋದರೆ ಮಾಡಿದ ಕೆಲಸವನ್ನೇ ಮತ್ತೆ ಬಿಚ್ಚುವುದು ತಪ್ಪುತ್ತದೆ?

ನೀರುಗಂಟಿ:

ನೀವು ಕೊನೆಯಲ್ಲಿ ಹಗುರವಾಗಿ ಹೇಳಿದ ಆ ಮೆತ್ತನೆಯ ಮೂಲೆಯೇ ಉಳಿದದ್ದನ್ನೆಲ್ಲ ತೀರ್ಮಾನಿಸುತ್ತದೆ. ಸೋಲಾರ್ ಪ್ಯಾನೆಲ್‌ನ ಕಾಲುಗಳು ಚಾವಣಿಯ ಮರಕ್ಕೆ ಸ್ಕ್ರೂ ಹಿಡಿದು ನಿಲ್ಲಬೇಕು. ಆ ಮರ ಲಡ್ಡಾಗಿದ್ದರೆ ದಾರಿಯಲ್ಲಿ ಗಾಳಿಗೆ ಪ್ಯಾನೆಲ್ ಎದ್ದುಹೋಗುತ್ತದೆ. ನೆಲದ ಮೇಲೆ ಹೊಸ ವಿನೈಲ್ ಹಾಸಿದರಂತೂ ಒಳಗಿನ ತೇವಕ್ಕೆ ಮುಚ್ಚಳ ಹಾಕಿದಂತೆ.

ನೀರು ಕಾಣಿಸುವ ಜಾಗಕ್ಕೂ ಒಳಬರುವ ಜಾಗಕ್ಕೂ ಸಂಬಂಧ ಇರಬೇಕೆಂದಿಲ್ಲ. ಚೌಕಟ್ಟಿನ ಮರದ ಗುಂಟ ಹರಿದು, ತಗ್ಗಿನ ಮೂಲೆಯಲ್ಲಿ ನಿಲ್ಲುತ್ತದೆ. ಮುಂದಿನ ಎಡಮೂಲೆಗೆ ನೀರು ಬರುವ ದಾರಿಗಳನ್ನು ಮೇಲಿನಿಂದ ಕೆಳಕ್ಕೆ ನೋಡಿ: ಚಾವಣಿ ಹಾಳೆ ಮುಂಗೋಡೆಯನ್ನು ಸೇರುವ ಪಟ್ಟಿ, ಮೂಲೆಯ ಅಲ್ಯುಮಿನಿಯಂ ಅಂಚುಪಟ್ಟಿಯ ಸ್ಕ್ರೂಗಳು, ಮೇಲಂಚಿನ ಸಣ್ಣ ದೀಪಗಳು, ಮುಂದಿನ ಕಿಟಕಿಯ ಚೌಕಟ್ಟು. ದೀಪಗಳನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ದೀಪದ ಹಿಂದೆ ವೈರಿಗಾಗಿ ಒಂದು ತೂತು ಇದ್ದೇ ಇರುತ್ತದೆ.

ಪೈಪ್ ಹಿಡಿದು ನೀರು ಹೊಯ್ದು ಹುಡುಕುವುದಕ್ಕಿಂತ ಒಳಗಿನಿಂದ ಗಾಳಿ ಒತ್ತುವುದು ವಾಸಿ. ಗ್ಯಾಸ್ ಉಪಕರಣಗಳನ್ನೆಲ್ಲ ಆರಿಸಿ. ಕಿಟಕಿ, ಬಾಗಿಲು, ಅಡುಗೆ ಒಲೆಯ ಮೇಲಿನ ಗಾಳಿದ್ವಾರ ಎಲ್ಲ ಮುಚ್ಚಿ. ಚಾವಣಿಯ ಒಂದು ವೆಂಟ್‌ಗೆ ರಟ್ಟು ಕತ್ತರಿಸಿ ಕೂರಿಸಿ, ಅದರ ಮೂಲಕ ಜೋರಾದ ಬ್ಲೋಯರ್‌ನಿಂದ ಒಳಕ್ಕೆ ಗಾಳಿ ಊದಿ. ಹೊರಗಿನಿಂದ ಪ್ರತಿ ಕೀಲು, ಅಂಚಿನ ಮೇಲೆ ಸೋಪಿನ ನೀರು ಸಿಂಪಡಿಸಿದರೆ ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಕಡೆಗೆಲ್ಲ ಟೇಪ್ ತುಂಡು ಅಂಟಿಸಿ ಗುರುತು ಮಾಡಿ. ಒಳಗೆ ಎರಡು ಮೊನೆಯ ತೇವದ ಮೀಟರ್‌ನಿಂದ 30 ಸೆಂ.ಮೀ.ಗೊಂದು ಕಡೆ ಅಳೆಯಿರಿ. ಶೇ 15ರ ಒಳಗಿದ್ದರೆ ಮರ ಚೆನ್ನಾಗಿದೆ. ಶೇ 20 ದಾಟಿದರೆ ಕೊಳೆಯಲು ಬೇಕಾದ ತೇವ ಅಲ್ಲಿದೆ.

ಮುಚ್ಚುವಾಗ ಸಿಲಿಕೋನ್ ಮಾತ್ರ ಬೇಡ. ರಬ್ಬರ್ ಹಾಳೆಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಒಮ್ಮೆ ಬಳಿದ ಮೇಲೆ ಬೇರೆ ಯಾವ ಸೀಲಂಟೂ ಆ ಜಾಗಕ್ಕೆ ಅಂಟುವುದಿಲ್ಲ. ಸಮತಟ್ಟಾದ ಕಡೆ ತಾನೇ ಹರಡಿಕೊಳ್ಳುವ ಲ್ಯಾಪ್ ಸೀಲಂಟ್ (ಚಾವಣಿಯ ಕೀಲುಗಳ ಮೇಲೆ ಬಳಿಯುವ ಸೀಲಂಟ್), ಇಳಿಜಾರು ಮತ್ತು ನೇರ ಗೋಡೆಗೆ ಜಾರದ ಬಗೆಯದು. ಇಪಿಡಿಎಂಗೆ ಒಪ್ಪುತ್ತದೆಂದು ಟ್ಯೂಬಿನ ಮೇಲೆ ಬರೆದಿರಬೇಕು. ಗಟ್ಟಿಯಾಗಿ ಹಿಡಿದಿರುವ ಹಳೆಯ ಲ್ಯಾಪ್ ಸೀಲಂಟನ್ನು ಕಿತ್ತುಹಾಕುವ ಅಗತ್ಯವಿಲ್ಲ. ತೊಳೆದು ಅದರ ಮೇಲೆಯೇ ಹೊಸದು ಹಾಕಬಹುದು. ಬಿರಿದು ಎದ್ದದ್ದನ್ನು ಮಾತ್ರ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆಯಿರಿ, ಲೋಹದ್ದು ಹಾಳೆಯನ್ನೇ ಸೀಳುತ್ತದೆ. ಸೋಪಿನ ನೀರು, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. ಪೆಟ್ರೋಲ್, ಟರ್ಪೆಂಟೈನ್ ಮಾದರಿಯ ದ್ರಾವಕ ತಾಗಿದರೆ ಇಪಿಡಿಎಂ ಉಬ್ಬುತ್ತದೆ.

ಮೂಲೆಯ ಅಂಚುಪಟ್ಟಿಗೆ ಮೇಲಿಂದ ಸೀಲಂಟ್ ಬಳಿಯುವುದು ತೇಪೆ ಅಷ್ಟೆ. ಸರಿಯಾದ ಕೆಲಸವೆಂದರೆ ಪಟ್ಟಿಯನ್ನೇ ಬಿಚ್ಚುವುದು. ಸ್ಕ್ರೂ ಮುಚ್ಚಿರುವ ವಿನೈಲ್ ದಾರ ಎಳೆಯಿರಿ, ಸ್ಕ್ರೂ ತೆಗೆಯಿರಿ, ಹಳೆಯ ಒಣಗಿದ ಪುಟ್ಟಿ ಕೆರೆಯಿರಿ, 25 ಮಿ.ಮೀ. ಅಗಲ 3 ಮಿ.ಮೀ. ದಪ್ಪದ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಹಾಕಿ ಮತ್ತೆ ಕೂರಿಸಿ. ತುಕ್ಕು ಹಿಡಿದು ಬಂದ ಸ್ಕ್ರೂ ಆ ತೂತಿನಲ್ಲಿ ನೀರಿತ್ತೆಂಬುದಕ್ಕೆ ಸಾಕ್ಷಿ; ಅಂಥವನ್ನು ಲೆಕ್ಕ ಇಡಿ. ಹೊಸದು ಸ್ಟೇನ್‌ಲೆಸ್ ಆಗಿರಲಿ. ಬ್ಯೂಟೈಲ್ ನಿಧಾನವಾಗಿ ಹಿಂಡಿಕೊಳ್ಳುವುದರಿಂದ ಮರುದಿನ ಇನ್ನೊಂದು ಸುತ್ತು ಬಿಗಿ ಮಾಡಬೇಕು. ಕಿಟಕಿಗೆ ಮೇಲೆ ಮತ್ತು ಎರಡು ಪಕ್ಕ ಸೀಲಂಟ್ ಎಳೆದು ಕೆಳಗಂಚನ್ನು ಬಿಡಿ, ಒಳಸೇರಿದ ನೀರು ಹೊರಬೀಳಲು ಅದೇ ದಾರಿ.

ನೆಲವನ್ನು ಈಗಲೇ ಕತ್ತರಿಸಬೇಡಿ. ಸೋರಿಕೆ ನಿಂತು, ಮೀಟರ್ ಶೇ 15ಕ್ಕೆ ಇಳಿದ ಮೇಲೆ ಲಡ್ಡಾದ ಭಾಗವನ್ನೂ ಅದರಾಚೆ 15 ಸೆಂ.ಮೀ. ಗಟ್ಟಿ ಮರವನ್ನೂ ಸೇರಿಸಿ, ಅಡ್ಡಪಟ್ಟಿಯ ನಡುಮಧ್ಯದವರೆಗೆ ಕತ್ತರಿಸಿ. ಹಳೆಯ ಪ್ಲೈವುಡ್ಡಿನ ದಪ್ಪವನ್ನು ಅಳೆದು ಅಷ್ಟೇ ದಪ್ಪದ್ದು ಹಾಕಿ, ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಬಳಿಯಿರಿ. ಹೊಟ್ಟಿನ ಹಲಗೆ ಹತ್ತಿರವೂ ಸುಳಿಯದಿರಲಿ.

ಕೀಲೆಣ್ಣೆ:

ನೀರುಗಂಟಿಯವರ ಮಾತೆಲ್ಲ ಸರಿ, ಆದರೆ ಕ್ರಮ ಒಪ್ಪುವುದಿಲ್ಲ. ಸೋರುವ ಟ್ರೈಲರ್ ನಿಂತಲ್ಲೇ ಕೊಳೆಯುತ್ತದೆ. ಬೇರಿಂಗ್ ಸತ್ತ ಟ್ರೈಲರ್ ರಸ್ತೆಯಲ್ಲಿ ಚಕ್ರ ಬಿಡುತ್ತದೆ. ಅಂಗಳದಿಂದ ಹೊರಡುವ ಮೊದಲು ಚಕ್ರ.

ಟೈರಿನ ಗುಂಡಿ ನೋಡಿ ಮೋಸ ಹೋಗಬೇಡಿ. ಟ್ರೈಲರ್ ಟೈರ್ ಸವೆದು ಸಾಯುವುದು ಕಡಿಮೆ, ನಿಂತು ನಿಂತು ಪಕ್ಕದ ಗೋಡೆ ಒಣಗಿ ಸಾಯುವುದೇ ಹೆಚ್ಚು. ಪಕ್ಕದಲ್ಲಿ ಡಾಟ್ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 3218 ಎಂದಿದ್ದರೆ 2018ರ 32ನೇ ವಾರ. ಐದಾರು ವರ್ಷ ದಾಟಿದ್ದರೆ ಬದಲಿಸಿ, ಗುಂಡಿ ಎಷ್ಟೇ ಇರಲಿ. ಒಳಬದಿಯ ಗೋಡೆಯನ್ನೂ ಬಗ್ಗಿ ನೋಡಿ, ಬಿರುಕು ಹೆಚ್ಚಾಗಿ ಕಣ್ಣಿಗೆ ಬೀಳದ ಕಡೆಯೇ ಇರುತ್ತದೆ.

ಬೇರಿಂಗ್‌ಗೆ ಸಾಮಾನ್ಯ ಲೆಕ್ಕ 12 ತಿಂಗಳು ಅಥವಾ 19,000 ಕಿ.ಮೀ., ಯಾವುದು ಮೊದಲೋ ಅದು. ಚರಿತ್ರೆ ಗೊತ್ತಿಲ್ಲವೆಂದರೆ ಬಿಚ್ಚಲೇಬೇಕು. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ರೋಲರ್ ಅಥವಾ ಹೊರಬಳೆಯ ಮೇಲೆ ಗುಳಿ, ನೀಲಿ ಬಣ್ಣ, ಗೆರೆ ಕಂಡರೆ ಬೇರಿಂಗ್ ಮತ್ತು ಹೊರಬಳೆ ಜೋಡಿಯಾಗಿಯೇ ಹೊಸದು. ಗ್ರೀಸ್ ಲಿಥಿಯಂ ಕಾಂಪ್ಲೆಕ್ಸ್, ಗಟ್ಟಿತನದ ದರ್ಜೆ ಎನ್‌ಎಲ್‌ಜಿಐ 2. ಹಳೆಯದು ಯಾವ ಬಗೆಯೆಂದು ತಿಳಿಯದಿದ್ದರೆ ಒಂದು ಚೂರೂ ಉಳಿಯದಂತೆ ತೆಗೆಯಿರಿ. ಪಾಲಿಯೂರಿಯಾ ಗ್ರೀಸ್ ಜೊತೆ ಬೆರೆತರೆ ತೆಳುವಾಗಿ ಹರಿದುಹೋಗಬಹುದು. ಅಂಗೈಯಲ್ಲಿ ಗ್ರೀಸ್ ಇಟ್ಟು ಬೇರಿಂಗಿನ ಅಗಲದ ಬದಿಯನ್ನು ಒತ್ತುತ್ತಾ, ಇನ್ನೊಂದು ಬದಿಯಿಂದ ಗ್ರೀಸ್ ಇಣುಕುವವರೆಗೆ ತುಂಬಿ. ಹಿಂದಿನ ಸೀಲ್ ಪ್ರತಿಸಲವೂ ಹೊಸದು.

ನಟ್ಟು ಬಿಗಿಯುವಲ್ಲೇ ಹೆಚ್ಚಿನವರು ಕೆಡಿಸುವುದು. ಡ್ರಮ್ ತಿರುಗಿಸುತ್ತಾ ಸುಮಾರು 68 ನ್ಯೂಟನ್-ಮೀಟರ್‌ಗೆ ಬಿಗಿದು ಬೇರಿಂಗ್ ಕೂರಿಸಿ. ಆಮೇಲೆ ಡ್ರಮ್ ಅಲುಗಾಡಿಸದೆ ನಟ್ಟನ್ನು ಪೂರ್ತಿ ಸಡಿಲಿಸಿ, ಬೆರಳಿನಿಂದ ತಾಗುವಷ್ಟು ಮಾತ್ರ ತಿರುಗಿಸಿ. ಪಿನ್ನಿನ ತೂತು ಹೊಂದದಿದ್ದರೆ ಬಿಗಿಯುವ ಕಡೆಗಲ್ಲ, ಸಡಿಲದ ಕಡೆಗೆ ಮೊದಲ ಸಂದಿಗೆ. ಬಿಗಿಯಾದ ಬೇರಿಂಗ್ ಕಾದು ಗ್ರೀಸ್ ಸುಡುತ್ತದೆ, ತುಸು ಆಟವಿದ್ದದ್ದು ಬಾಳುತ್ತದೆ.

ಆಕ್ಸಲ್ ತುದಿಯಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ ಗನ್ನಿನಿಂದ ರಭಸವಾಗಿ ಒತ್ತಬೇಡಿ. ಸೀಲ್ ಹಾರಿ ಗ್ರೀಸ್ ಬ್ರೇಕ್ ಲೈನಿಂಗ್ ಮೇಲೆ ಬೀಳುತ್ತದೆ. ಗ್ರೀಸ್ ಕುಡಿದ ಲೈನಿಂಗ್ ತೊಳೆದರೂ ಸರಿಹೋಗದು, ಬದಲಿಸಬೇಕು.

ಬ್ರೇಕ್ ಎಲೆಕ್ಟ್ರಿಕ್ ಆಗಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಟೋ ವಾಹನದ (ಟ್ರೈಲರ್ ಎಳೆಯುವ ಗಾಡಿಯ) ಪ್ಲಗ್ ಬಿಚ್ಚಿ, ಬ್ರೇಕ್‌ಅವೇ ಪಿನ್ (ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಿಡಿಸುವ ಸ್ವಿಚ್ಚಿನದು) ಎಳೆದು, ಬ್ರೇಕಿನ ವೈರಿಗೆ ಡಿಸಿ ಕ್ಲಾಂಪ್ ಮೀಟರ್ ಹಿಡಿಯಿರಿ. 10 ಇಂಚಿನ ಡ್ರಮ್‌ನ ಮ್ಯಾಗ್ನೆಟ್ ಒಂದಕ್ಕೆ ಸುಮಾರು 3 ಆಂಪ್. ನಾಲ್ಕು ಚಕ್ರಕ್ಕೆ 12. ಮೀಟರ್ 9 ತೋರಿಸಿದರೆ ಒಂದು ಚಕ್ರ ಬ್ರೇಕ್ ಹಿಡಿಯುತ್ತಿಲ್ಲ. ಚಕ್ರ ಕೂರಿಸಿದ ಮೇಲೆ ನಟ್ಟುಗಳನ್ನು 16, 40, 80 ಕಿ.ಮೀ.ಗೆ ಮತ್ತೆ ಟಾರ್ಕ್ ರೆಂಚಿನಿಂದ ನೋಡಿ.

ಹನ್ನೆರಡುವೋಲ್ಟ್:

ವಿದ್ಯುತ್ತಿನ ಕಡೆ. ಮೊದಲನೆಯದಾಗಿ, 100 ಆಂಪ್-ಅವರ್ ಬ್ಯಾಟರಿಗೆ 2,000 ವ್ಯಾಟ್ ಇನ್ವರ್ಟರ್ ಹೊಂದುವುದಿಲ್ಲ. ಆ ಗಾತ್ರದ ಹೆಚ್ಚಿನ ಬ್ಯಾಟರಿಗಳ ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) 100 ಆಂಪ್‌ಗೆ ಮಿತಿ ಹಾಕಿರುತ್ತದೆ, ಅಂದರೆ ಸುಮಾರು 1,280 ವ್ಯಾಟ್. ಅದನ್ನು ದಾಟಿದರೆ ಬಿಎಂಎಸ್ ಕಡಿದು ಇಡೀ ಟ್ರೈಲರ್ ಕತ್ತಲೆ. 1,000 ವ್ಯಾಟ್‌ನದು ಸಾಕು, ಇಲ್ಲವೇ ಎರಡು ಬ್ಯಾಟರಿ.

ಟ್ರೈಲರ್ ಜೊತೆ ಬಂದಿರುವ ಕನ್ವರ್ಟರ್ (ಹೊರಗಿನ ಕರೆಂಟಿನಿಂದ ಬ್ಯಾಟರಿ ತುಂಬುವ ಪೆಟ್ಟಿಗೆ) ಲೆಡ್-ಆಸಿಡ್‌ಗಾಗಿ ಮಾಡಿದ್ದು, ಬಹಳಷ್ಟು 13.6 ವೋಲ್ಟಿನಲ್ಲೇ ನಿಲ್ಲುತ್ತವೆ. ಲಿಥಿಯಂ ಐರನ್ ಫಾಸ್ಫೇಟ್‌ಗೆ 14.2ರಿಂದ 14.6 ಬೇಕು. ಕಡಿಮೆಯಲ್ಲಿ ಬ್ಯಾಟರಿ ಕೆಡುವುದಿಲ್ಲ; ಆದರೆ ತುಂಬಲು ವಿಪರೀತ ಹೊತ್ತು, ಸೆಲ್‌ಗಳ ಸಮತೋಲನವೂ ನಡೆಯುವುದಿಲ್ಲ. ಟೋ ವಾಹನದಿಂದ ಚಾರ್ಜ್ ಮಾಡುವುದಾದರೆ ನಡುವೆ 20 ಆಂಪ್‌ನ ಡಿಸಿ-ಡಿಸಿ ಚಾರ್ಜರ್ ಇರಲಿ.

ವೈರಿನ ಲೆಕ್ಕವನ್ನು ಕಣ್ಣಂದಾಜಿಗೆ ಬಿಡಬೇಡಿ. 20 ಆಂಪ್, ಒಂದು ಕಡೆಗೆ 5 ಮೀಟರ್ ದೂರ ಎಂದರೆ ಹೋಗಿ ಬರುವ ತಾಮ್ರ 10 ಮೀಟರ್. 6 ಚದರ ಮಿ.ಮೀ. ವೈರಿನಲ್ಲಿ ಸುಮಾರು 0.6 ವೋಲ್ಟ್ ಸೋರುತ್ತದೆ, ಅಂದರೆ ಶೇ 5. 10 ಚದರ ಮಿ.ಮೀ. ಹಾಕಿದರೆ 0.37 ವೋಲ್ಟ್, ಶೇ 3. ಚಾರ್ಜ್ ಮಾಡುವ ವೈರಿಗೆ 10ಕ್ಕಿಂತ ಕೆಳಗೆ ಇಳಿಯಬೇಡಿ. ಮುಖ್ಯ ಫ್ಯೂಸ್ ಬ್ಯಾಟರಿಯ ಧನ ತುದಿಯಿಂದ 18 ಸೆಂ.ಮೀ. ಒಳಗೆ, ಕ್ಲಾಸ್ ಟಿ ಬಗೆಯದು. ಲಿಥಿಯಂ ಶಾರ್ಟ್ ಆದರೆ ಹರಿಯುವ ಕರೆಂಟನ್ನು ಅಗ್ಗದ ಫ್ಯೂಸ್ ಕಡಿಯಲಾರದೆ ಒಳಗೇ ಕಿಡಿ ಹೊತ್ತಿಕೊಂಡಿರುತ್ತದೆ.

ಬ್ಯಾಟರಿಯನ್ನು ಕೊಂಡಿಯ ಮೇಲಿನ ಪೆಟ್ಟಿಗೆಯಿಂದ ಒಳಗೆ ತನ್ನಿ. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್‌ನೊಳಗೆ ಲಿಥಿಯಂ ಲೋಹವಾಗಿ ಕೂತು ಶಾಶ್ವತ ಹಾನಿ. ಹಾಗೆ ಸರಿಸುವಾಗ ಬ್ರೇಕ್‌ಅವೇ ಸ್ವಿಚ್ಚಿನ ವೈರನ್ನು ಮುಖ್ಯ ಕಟ್-ಆಫ್ ಸ್ವಿಚ್ಚಿನ ನಂತರ ಜೋಡಿಸುವ ತಪ್ಪು ಬಹಳ ಕಡೆ ಕಾಣುತ್ತದೆ. ಕಟ್-ಆಫ್ ಆರಿಸಿ ಹೊರಟರೆ, ಕೊಂಡಿ ಕಳಚಿದಾಗ ಬ್ರೇಕ್ ಹಿಡಿಯುವುದೇ ಇಲ್ಲ. ಅದು ಕಟ್-ಆಫ್‌ಗಿಂತ ಮೊದಲು, ತನ್ನದೇ ಸರ್ಕ್ಯೂಟ್ ಬ್ರೇಕರ್ ಮೂಲಕ ಹೋಗಬೇಕು.

ಮಲಗಿಸಿಟ್ಟ 400 ವ್ಯಾಟ್ ಪ್ಯಾನೆಲ್‌ನಿಂದ ಒಳ್ಳೆಯ ಬೇಸಿಗೆ ದಿನ 1.2ರಿಂದ 1.6 ಯೂನಿಟ್ ನಿರೀಕ್ಷಿಸಿ. ಮರದ ನೆರಳಿನಲ್ಲಿ ನಿಲ್ಲಿಸುವ ಅಭ್ಯಾಸವಿದ್ದರೆ ಎರಡನ್ನೂ ಪ್ಯಾರಲಲ್ ಜೋಡಿಸಿ, 30 ಆಂಪ್‌ನ ಎಂಪಿಪಿಟಿ (ಸೋಲಾರ್ ಚಾರ್ಜ್ ಕಂಟ್ರೋಲರ್) ಸಾಕು. ರಬ್ಬರ್ ಹಾಳೆಗೆ ಪ್ಯಾನೆಲನ್ನು ಬರೀ ಟೇಪಿನಿಂದ ಅಂಟಿಸಬೇಡಿ. ಆಗ ಪ್ಯಾನೆಲನ್ನು ಹಿಡಿದಿರುವುದು ಹಾಳೆಯ ಅಂಟು ಮಾತ್ರ. ಕಾಲುಗಳು ಚಾವಣಿಯ ಅಡ್ಡಮರಕ್ಕೇ ಬರಲಿ.

ತೂಕದಕಲ್ಲು:

ಒಂದೇ ಲೆಕ್ಕ ಹೇಳಿ ಹೋಗುತ್ತೇನೆ. ಇಂಥ ಭಾರದ ಟ್ರೈಲರಿಗೆ ಕೊಂಡಿಯ ಮೇಲಿನ ತೂಕ ಒಟ್ಟು ತೂಕದ ಶೇ 10ರಿಂದ 15 ಇರಬೇಕು. ನಿಮ್ಮದಕ್ಕೆ ಕನಿಷ್ಠ 240 ಕೆ.ಜಿ. ಯೂರೋಪಿನ ಕ್ಯಾರವಾನ್‌ಗಳ ಲೆಕ್ಕ ಇದಕ್ಕಿಂತ ಕಡಿಮೆ, ಅದು ಬೇರೆ ವಿಷಯ. ಈಗ 270 ಇದೆ ಎಂದುಕೊಳ್ಳಿ. ಮೇಜು, ಕಪಾಟು, ಅದರೊಳಗಿನ ಸಾಮಾನು ಸೇರಿ ಹಿಂದೆ 80 ಕೆ.ಜಿ. ಹೆಚ್ಚಿತು. ಅದು ಆಕ್ಸಲ್‌ನಿಂದ 2 ಮೀಟರ್ ಹಿಂದೆ, ಕೊಂಡಿ 4 ಮೀಟರ್ ಮುಂದೆ ಇದ್ದರೆ, ಕೊಂಡಿಯಿಂದ 40 ಕೆ.ಜಿ. ಎದ್ದುಹೋಯಿತು. ಉಳಿದದ್ದು 230, ಒಟ್ಟಿನ ಶೇ 9.3. ಮೇಲೆ ಮುಂದಿನ ಎರಡು ಲೆಡ್ ಬ್ಯಾಟರಿಗಳನ್ನೂ ತೆಗೆಯುತ್ತಿದ್ದೀರಿ. ವೇಗ ಹೆಚ್ಚಿದಾಗ ಬಾಲ ಬೀಸುವ ಟ್ರೈಲರ್ ತಯಾರಾಗುವುದು ಹೀಗೆಯೇ. ಬಿಚ್ಚಿದ ಬಂಕ್ ತೂಗಿ, ಹಾಕುವುದನ್ನು ತೂಗಿ, ಲಿಥಿಯಂ ಬ್ಯಾಟರಿಯನ್ನು ಮುಂದಿನ ಮಂಚದ ಕೆಳಗೇ ಇಡಿ.

ಒಳಗೋಡೆ ಸುಮಾರು 3 ಮಿ.ಮೀ. ಪ್ಲೈ, ಅದಕ್ಕೆ ಸ್ಕ್ರೂ ನಿಲ್ಲದು. ಅಯಸ್ಕಾಂತ ಎಳೆದು ಸ್ಟೇಪಲ್ ಸಾಲು ಹುಡುಕಿದರೆ ಚೌಕಟ್ಟಿನ ಮರ ಸಿಗುತ್ತದೆ. ಮೇಜಿನ ಭಾರ ನೆಲಕ್ಕೆ ಇಳಿಯಲಿ, ಗೋಡೆ ಅಲುಗಾಡದಂತೆ ಹಿಡಿದರೆ ಸಾಕು.

ಗಾಡಿಬಿಡಾರ:

ಬಹಳ ಉಪಕಾರ. ಮೀಟರ್ ಹಿಡಿದೆ: ಮೂಲೆಯ ನೆಲ ಶೇ 28, ಅದರ ಮೇಲಿನ ಗೋಡೆ ಶೇ 23, ಚಾವಣಿಯ ಅಂಚು ಶೇ 19, ಉಳಿದೆಡೆ 12–14. ಅಂಚುಪಟ್ಟಿಯ ಮೇಲೆ ಹಿಂದಿನವರು ಉದ್ದಕ್ಕೂ ಸಿಲಿಕೋನ್ ಬಳಿದಿದ್ದಾರೆ. ಟೈರ್ ಅಂಕಿ 1417. ಗಾಳಿ ಪಕ್ಕದಲ್ಲಿ ಬರೆದಿರುವ ಗರಿಷ್ಠಕ್ಕೇ ತುಂಬಬೇಕೆ?

ಕೀಲೆಣ್ಣೆ:

1417 ಎಂದರೆ 2017ರ 14ನೇ ವಾರ. ನಾಲ್ಕೂ ತೆಗೆಯಿರಿ, ಸ್ಟೆಪ್ನಿ ಕೂಡ. ಪ್ರತಿ ಚಕ್ರದ ಭಾರ ಬೇರೆಬೇರೆಯಾಗಿ ತೂಗಿದ್ದರೆ ತಯಾರಕರ ಪಟ್ಟಿ ನೋಡಿ ಕಡಿಮೆ ಮಾಡಬಹುದು. ತೂಗಿಲ್ಲವೆಂದರೆ ಟ್ರೈಲರ್ ಟೈರಿಗೆ ಪಕ್ಕದ ಗರಿಷ್ಠವೇ ಸುರಕ್ಷಿತ, ಟೈರ್ ತಣ್ಣಗಿದ್ದಾಗ. ಓಡಿ ಕಾದ ಮೇಲೆ ಏರಿದ ಗಾಳಿಯನ್ನು ಬಿಡಬೇಡಿ.

ನೀರುಗಂಟಿ:

19ರಿಂದ 28, ಮೇಲಿಂದ ಕೆಳಕ್ಕೆ ಏರುತ್ತಿದೆ. ನೀರು ಮೇಲಂಚಿನಿಂದಲೇ ಇಳಿದು ಕೆಳಗೆ ನಿಂತಿದೆ. ಕಿಟಕಿಯನ್ನು ಸದ್ಯ ಬಿಡಿ. ಸಿಲಿಕೋನ್ ಇದ್ದ ಪಟ್ಟಿಯನ್ನು ಬಿಚ್ಚಿ, ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದು, ತಗಡಿನ ಭಾಗಕ್ಕೆ ಮಾತ್ರ ಸಿಲಿಕೋನ್ ರಿಮೂವರ್ ಹಚ್ಚಿ, ಆಲ್ಕೋಹಾಲ್‌ನಲ್ಲಿ ಒರೆಸಿ. ನೀರು ಚಿಮುಕಿಸಿದಾಗ ಹನಿಹನಿಯಾಗಿ ಉರುಳಿದ ಕಡೆ ಇನ್ನೂ ಸಿಲಿಕೋನ್ ಪೊರೆ ಇದೆ, ಮತ್ತೆ ಒರೆಸಿ. ಪಟ್ಟಿ ಕೂರಿಸಿದ ಮೇಲೆ ಒಳಗೋಡೆಯ ಪ್ಲೈಯನ್ನು ಆ ಮೂಲೆಯಲ್ಲಿ ಅರ್ಧ ಮೀಟರ್ ತೆರೆದು, ಒದ್ದೆ ಇನ್ಸುಲೇಷನ್ ಎಸೆದು, ಡೀಹ್ಯುಮಿಡಿಫೈಯರ್ ಓಡಿಸಿ. ವಾರಕ್ಕೊಮ್ಮೆ ಅದೇ ಜಾಗಗಳಲ್ಲಿ ಅಳೆದು ಗೋಡೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಒಂದು ಜೋರು ಮಳೆ ಕಳೆದ ಮೇಲೂ ಅಂಕಿ ಏರದಿದ್ದರೆ ಮುಚ್ಚಬಹುದು.

ಹನ್ನೆರಡುವೋಲ್ಟ್:

ಮುಚ್ಚುವ ಮುನ್ನ ಆ ತೆರೆದ ಮೂಲೆಯಲ್ಲಿ ಚಾವಣಿಯಿಂದ ಮಂಚದ ಕೆಳಗಿನವರೆಗೆ 25 ಮಿ.ಮೀ. ಪೈಪ್ ಒಂದನ್ನು ನಿಲ್ಲಿಸಿ, ಒಳಗೆ ಎಳೆಯಲು ದಾರ ಬಿಡಿ. ಸೋಲಾರ್ ವೈರಿಗೆ ಆಮೇಲೆ ಗೋಡೆ ಕೊರೆಯುವುದು ತಪ್ಪುತ್ತದೆ. ಪೈಪಿನ ಮೇಲ್ತುದಿ ಚಾವಣಿ ಹಲಗೆಯ ಕೆಳಗೇ ನಿಲ್ಲಲಿ. ಹಾಳೆಗೆ ತೂತು ಪ್ಯಾನೆಲ್ ಕೂರಿಸುವ ದಿನವೇ, ಗ್ಲ್ಯಾಂಡ್ (ವೈರಿನ ತೂತಿಗೆ ನೀರು ಇಳಿಯದಂತೆ ಹಾಕುವ ಮುಚ್ಚಳ) ಕೈಯಲ್ಲಿ ಇಟ್ಟುಕೊಂಡು.